ನಿಂತಲ್ಲಿ ಒಂದು ಸುನ್ನೆ

ಹಜಾರದ ತುಂಬ ನಿಂತಿದ್ದ ಜನರ ಕಾಲುಗಳ ನಡುವೆ ಫಿಟ್ಟರ್ ಮೊಣಕಾಲೂರಿಕೊಂಡು ತೆವಳುತ್ತಿದ್ದ. ಹಲ್ಲಿನಲ್ಲಿ ಕಪ್ಪು ಟೇಪಿನ ಸುರುಳಿ ಕಚ್ಚಿಕೊಂಡಿದ್ದರಿಂದ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ.

"ಸ್ವಲ್ಪ ಕಾಲು ಸರಿಸಿ ಅಮ್ಮಾ... ನೀವೂ ಸ್ವಾಮಿ, ಆ ಬಾಗಿಲ ಪಕ್ಕ ಬಿಡಿ..."

ಸರಿದವರು ಸರಿದರು, ಸರಿಯದವರ ಕಾಲನ್ನು ಅವನೇ ಮೆಲ್ಲಗೆ ತಳ್ಳಿದ. ಗೋಡೆಯ ಬುಡದಲ್ಲಿ, ನೆಲದಿಂದ ಒಂದು ಗೇಣು ಮೇಲೆ, ನಡೆದಾಡುವವರನ್ನು ಗುರುತಿಸಿ ಲೈಟು ಹತ್ತಿಸುವ, ಅಂಗಿಯ ಗುಂಡಿಯಷ್ಟು ದೊಡ್ಡ ಗಾಜಿನ ಕಣ್ಣೊಂದು ಇತ್ತು. ಅದರ ಮೇಲೆ ಟೇಪು ಅಂಟಿಸಿ ಹೆಬ್ಬೆರಳಿನಿಂದ ಒತ್ತಿದ. ಹಜಾರದ ಅಂಚಿನ ಲೈಟು ಆರಿತು. ಅಡುಗೆಮನೆಯಲ್ಲಿ ಬೆಳಗಿನಿಂದ ಭೋರೆನ್ನುತ್ತಿದ್ದ ಫ್ಯಾನು ಮಾತ್ರ ನಿಲ್ಲಲಿಲ್ಲ.

"ಅಲ್ಲಯ್ಯಾ," ಅಂದರು ಹಾಲಿನ ಡಿಪೋದ ಕಾರ್ಯದರ್ಶಿ, ಕಣ್ಣೊರೆಸಿಕೊಂಡಿದ್ದ ಕರವಸ್ತ್ರವನ್ನು ಮಡಚುತ್ತ, "ಆಯಮ್ಮ ಹೋದ ಮೇಲೂ ನಿನ್ನನ್ನ ನೆಲದ ಮೇಲೆ ಅಂಬೆಗಾಲಿಡಿಸೋದು ಬಿಡಲಿಲ್ಲವಲ್ಲ."

ಹತ್ತಿರವಿದ್ದ ಇಬ್ಬರು ಹೆಂಗಸರು ನಗು ತಡೆಯಲಾರದೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಫಿಟ್ಟರನಿಗೂ ನಗು ಬಂತು.

ಹಜಾರದ ನಡುವೆ, ಅಗಲ ಬೆಂಚಿನ ಮೇಲೆ, ತೀರಿಕೊಂಡ ಅಕ್ಕನನ್ನು ಮಲಗಿಸಿದ್ದರು. ಬೆಂಚಿನ ಕಾಲಿಗೆ ಒರಗಿ ಅದನ್ನು ತಮ್ಮ ಕೈಯಾರೆ ಮಾಡಿದ ಬಡಗಿ, ಅವಳ ಗಂಡ, ನೆಲದ ಮೇಲೆ ಕೂತಿದ್ದರು. ಬೆಳಿಗ್ಗೆ ಕೂತವರು ಎದ್ದೇ ಇರಲಿಲ್ಲ. ಮೂರು ವರ್ಷದ ಹಿಂದೆ ಎಡಗಾಲು ಸೋತಾಗಿನಿಂದ ಅವರು ನೆಲದ ಮೇಲೆ ಕೂತದ್ದನ್ನು ಫಿಟ್ಟರ್ ನೋಡಿದವನಲ್ಲ.

"ಮಾಮ, ಇದು ಇನ್ನೂ ನಿಂತಿಲ್ಲ." ಅಕ್ಕನ ಮಗಳು ಫೋನನ್ನು ಅವನ ಮುಖಕ್ಕೆ ಹಿಡಿದು ಪಿಸುಗುಟ್ಟಿದಳು. ಅತ್ತು ಅತ್ತು ಅವಳ ಮೂಗು ಕೆಂಪಾಗಿತ್ತು. "ಇದು ಆರನೇ ಸಲ. ಅಪ್ಪ ಬಿದ್ದಿದ್ದಾರೆ, ಬೇಗ ಬಾ ಅಂತ ಬಡಕೊಳ್ತಿದೆ. ಅಪ್ಪ ನನ್ನ ಕಣ್ಣೆದುರಿಗೇ ಕೂತಿದ್ದಾರೆ. ಇನ್ನೆಲ್ಲಿಗೆ ಬರಲಿ ನಾನು?"

ಈ ಕಣ್ಣುಗಳೆಲ್ಲ ಕಂಡದ್ದನ್ನು ಫೋನಿಗೆ ಮುಟ್ಟಿಸುವ ಅಟ್ಟದ ಮೇಲಿನ ಡಬ್ಬಿ ತನಗೆ ತಿಳಿದಷ್ಟನ್ನು ಹೇಳುತ್ತಿತ್ತು: ಈ ಮನೆಯ ಯಜಮಾನ ನೆಲದ ಮೇಲಿದ್ದಾನೆ, ಎರಡು ಗಂಟೆ ಹೊತ್ತಾಯಿತು, ಎದ್ದಿಲ್ಲ. ಅದರಲ್ಲಿ ಸುಳ್ಳೇನಿದೆ ಅನ್ನಿಸಿತು ಫಿಟ್ಟರನಿಗೆ. ಬೆಂಚಿನ ಕಾಲಿನ ಹತ್ತಿರದ ಕಣ್ಣಿಗೂ ಟೇಪು ಅಂಟಿಸಿದ. ಫೋನು ಸುಮ್ಮನಾಯಿತು.

*

ಅಕ್ಕ ಅವನ ಒಡಹುಟ್ಟಿದವಳಲ್ಲ. ಹದಿನಾಲ್ಕು ವರ್ಷದ ಹಿಂದೆ, ಅವನು ಪಂಪ್‌ಸೆಟ್ಟಿನ ಮೋಟಾರಿಗೆ ತಂತಿ ಸುತ್ತಿಕೊಡುತ್ತ ಓಡಾಡುತ್ತಿದ್ದಾಗ, ಹಾಲಿನ ಡಿಪೋದಲ್ಲಿ ಸಿಕ್ಕವಳು. ಡಿಪೋದವರು ಯಾರ ಮಾತೋ ಕೇಳಿ, ಜನ ಬಂದರೆ ತಾನಾಗಿ ಹತ್ತುವ ಲೈಟು ಹಾಕಿಸಿದ್ದರು. ಅದು ನಾಯಿ ಬಂದರೂ ಹತ್ತುತ್ತಿತ್ತು, ಗಾಳಿಗೆ ಗೋಣಿಚೀಲ ಅಲ್ಲಾಡಿದರೂ ಹತ್ತುತ್ತಿತ್ತು. ಹಾಲಿನ ಕ್ಯಾನು ಹೊತ್ತ ಹೆಂಗಸರು ಮೆಟ್ಟಿಲಲ್ಲಿ ಮುಗ್ಗರಿಸುವಾಗ ಮಾತ್ರ ಸರಿಯಾಗಿ ಆರಿಹೋಗುತ್ತಿತ್ತು. ಸರಿಮಾಡಲು ಒಬ್ಬ ಹೆಂಗಸನ್ನು ಕಳಿಸಿದ್ದಾರೆ, ವೈರು ಎಳೆಯಲು ನೀನು ಹೋಗು ಅಂದಿದ್ದರು ಇವನಿಗೆ.

ಇವನು ಏಣಿ ಹೊತ್ತುಕೊಂಡು ಹೋದರೆ ಆ ಹೆಂಗಸು ಮೂಲೆಯಲ್ಲಿ ಒಂದು ಗಿಡ್ಡ ಸ್ಟೂಲು ಹಾಕಿಕೊಂಡು ಕೂತಿದ್ದಳು. ಕೈಯಲ್ಲಿ ಸೀಮೆಸುಣ್ಣ. ಆವತ್ತೂ ಕೂತಳು, ಮಾರನೇ ದಿನವೂ ಕೂತಳು. ಜನ ನಡೆದುಹೋದ ಮೇಲೆ ಎದ್ದು ಹೋಗಿ ನೆಲದ ಮೇಲೆ ಏನೋ ಗೀಚುವಳು, ಮತ್ತೆ ಬಂದು ಕೂರುವಳು. ನಡೆದ ದಾರಿಗೆ ಒಂದು ಗೆರೆ, ನಿಂತ ಕಡೆ ಒಂದು ಸುನ್ನೆ.

"ಏನಮ್ಮಾ, ನಮ್ಮ ಡಿಪೋಗೆ ಮಾರ್ಕ್ಸ್ ಹಾಕ್ತಿದೀರಾ? ಬರೀ ಸುನ್ನೇನೇ ಕಾಣ್ತಿದೆ," ಅಂದಿದ್ದರು ಕಾರ್ಯದರ್ಶಿ. ಅಂದಿನಿಂದ ಊರಿಗೆಲ್ಲ ಅವಳು ಸುನ್ನೆ ಅಕ್ಕ.

ಮೂರನೇ ದಿನ ಫಿಟ್ಟರನ ತಾಳ್ಮೆ ಕೆಟ್ಟಿತು. "ನಾನು ಏಣಿ ಮೇಲೆ ಹತ್ತೋದು ಯಾವಾಗ?"

"ಬಾ ಇಲ್ಲಿ," ಅಂದಳು ಅವಳು. ಮೆಟ್ಟಿಲ ಬುಡದಲ್ಲಿ ಒಂದರ ಮೇಲೊಂದು ಬಿದ್ದು ದಪ್ಪವಾಗಿದ್ದ ಸುನ್ನೆ ತೋರಿಸಿದಳು. "ನೋಡು, ಎಲ್ಲರೂ ಇಲ್ಲಿ ಒಂದು ಉಸಿರು ನಿಲ್ತಾರೆ. ಕ್ಯಾನನ್ನ ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಳ್ಳೋಕೆ. ನಿಂತರೆ ಆ ಕಣ್ಣಿಗೆ ಯಾರೂ ಇಲ್ಲ ಅಂತ ಲೆಕ್ಕ. ಲೈಟು ಆರುತ್ತೆ. ಆಗ ಮೆಟ್ಟಿಲು ಹತ್ತುತ್ತಾರೆ, ಬೀಳ್ತಾರೆ. ನಡೆಯೋರನ್ನ ಯಾರು ಬೇಕಾದ್ರೂ ಕಾಣ್ತಾರೆ ಕಣೋ. ನಿಂತೋರನ್ನ ನೋಡೋಕೆ ಕೂರಬೇಕು."

ಆ ಮಧ್ಯಾಹ್ನ ಅವನು ಏಣಿ ಹತ್ತಲೇ ಇಲ್ಲ. ಕಣ್ಣನ್ನು ಕಿತ್ತು ಮೆಟ್ಟಿಲ ಬುಡಕ್ಕೆ ತಂದು, ಬಗ್ಗಿ ಕೂರಿಸಿದರು. ಆಮೇಲಿನ ಹದಿನಾಲ್ಕು ವರ್ಷ ಅವನ ಏಣಿ ಅಟ್ಟ ಸೇರಿತು, ಅವನ ಪ್ಯಾಂಟುಗಳೆಲ್ಲ ಮಂಡಿಯ ಹತ್ತಿರವೇ ಸವೆದವು. ಶಾಲೆ, ದವಾಖಾನೆ, ರೇಷ್ಮೆಗೂಡಿನ ಮಾರುಕಟ್ಟೆ. ಎಲ್ಲಿ ಹೋದರೂ ಮೊದಲು ಆ ಗಿಡ್ಡ ಸ್ಟೂಲು ಇಳಿಯಬೇಕು. ಅದನ್ನು ಮಾಡಿಕೊಟ್ಟದ್ದು ಅವಳ ಗಂಡ. ಕೂತರೆ ಜನರ ಸೊಂಟದ ಎತ್ತರಕ್ಕೆ ಅವಳ ಕಣ್ಣು ಬರಬೇಕು ಅಂದಿದ್ದಳಂತೆ. ಅಳತೆ ಕೂಡುವವರೆಗೆ ನಾಲ್ಕು ಸಲ ಸ್ಟೂಲಿನ ಕಾಲು ಕೊಯ್ದಿದ್ದರಂತೆ.

ನಿನ್ನೆ ಬೆಳಿಗ್ಗೆ ಅವಳು ಹೋದದ್ದೂ ಆ ಸ್ಟೂಲಿನ ಮೇಲೆಯೇ. ದವಾಖಾನೆಯ ವಾರ್ಡಿನಲ್ಲಿ, ಗೋಡೆಗೆ ಒರಗಿ. ಅಲ್ಲಾಡದೆ ಕೂರುವುದೇ ಅವಳ ಕೆಲಸವಾಗಿದ್ದರಿಂದ ಅರ್ಧ ಗಂಟೆ ಯಾರಿಗೂ ಗೊತ್ತಾಗಲಿಲ್ಲ. ಅಷ್ಟೊಂದು ಡಾಕ್ಟರು, ನರ್ಸುಗಳು ಅವಳ ಮುಂದೆ ಓಡಾಡಿದ್ದರು. ಒಳಗೆ ವೈರು ಎಳೆಯುತ್ತಿದ್ದ ಫಿಟ್ಟರ್ ಟೀ ಕುಡಿಯಲು ಕರೆಯಲೆಂದು ಬಂದಾಗಲೇ ತಿಳಿದದ್ದು. ಮುಷ್ಟಿಯೊಳಗೆ ಸೀಮೆಸುಣ್ಣದ ಮೋಟು ಹಾಗೆಯೇ ಇತ್ತು. ಅದನ್ನು ಅವನು ಯಾರಿಗೂ ಹೇಳದೆ ಅಂಗಿಯ ಜೇಬಿಗೆ ಹಾಕಿಕೊಂಡಿದ್ದ.

*

"ಎಲ್ಲಾ ಕಿತ್ತುಬಿಡು ಮಾಮ. ಇವತ್ತೇ," ಅಂದಳು ಮಗಳು.

ಇಬ್ಬರೂ ಅಡುಗೆಮನೆಯಲ್ಲಿದ್ದರು. ಫಿಟ್ಟರ್ ಸ್ವಿಚ್ಚು ಹುಡುಕಿ ಫ್ಯಾನಿನ ಬಾಯಿ ಮುಚ್ಚಿಸಿದ್ದ. ಮಗಳು ದೊಡ್ಡ ಪಾತ್ರೆಯಲ್ಲಿ ಬಂದವರಿಗೆಲ್ಲ ಟೀ ಕಾಯಿಸುತ್ತಿದ್ದಳು. ಎರಡು ಬೀದಿಯಾಚೆ ಅವಳ ಮನೆ, ಮನೆಯ ಮುಂಭಾಗದಲ್ಲೇ ಹೊಲಿಗೆ ಅಂಗಡಿ.

"ಮುಂದಿನ ಕೋಣೆ ಖಾಲಿ ಮಾಡಿಸಿದೀನಿ. ಮಷಿನ್ನು ನಡುಮನೆಗೆ ಹಾಕಾಯ್ತು. ಅಪ್ಪ ಅಲ್ಲಿರಲಿ."

"ಭಾವ ಒಪ್ಪಿದ್ರಾ?"

"ಬೆಳಿಗ್ಗೆ ಕೇಳಿದೆ. ಏನಂದ್ರು ಗೊತ್ತಾ? ಮೂರು ವರ್ಷದಿಂದ ನಾನು ಯಾರ ಕೈ ಹಿಡ್ಕೊಂಡಿದೀನಿ, ಈಗ ನಿನ್ನ ಕೈ ಹಿಡಿಯೋಕೆ ಅಂದ್ರು." ಅವಳು ಸಕ್ಕರೆ ಡಬ್ಬಿಯ ಮುಚ್ಚಳವನ್ನು ಸಿಟ್ಟಿನಿಂದ ತಿರುವಿದಳು. "ಅವರ ಪಾಲಿಗೆ ಅವರ ಕಾಲು ವಾಸಿಯಾಗಿದೆ. ಅಮ್ಮ ಮಾಡಿಟ್ಟ ಚೆಂದ ಇದು."

"ಕಿತ್ತರೆ ಅವರು ಇಲ್ಲಿ ಓಡಾಡೋಕಾಗಲ್ಲ ಕಣೇ."

"ಅದಕ್ಕೇ ಕೀಳು ಅನ್ನೋದು. ಎರಡು ಸಲ ಎಡವಿದ್ರೆ ತಾವೇ ಬರ್ತಾರೆ."

ಹೇಳಿದ ಮಾತು ಅವಳ ಕಿವಿಗೇ ಬಿದ್ದು ಅವಳು ಗರಬಡಿದಂತೆ ನಿಂತಳು. ಟೀ ಉಕ್ಕಿತು. ಫಿಟ್ಟರ್ ಕೈ ಚಾಚಿ ಒಲೆ ತಗ್ಗಿಸಿದ.

"ಹಾಗಲ್ಲ ಮಾಮ ನಾನು ಹೇಳಿದ್ದು."

"ಗೊತ್ತಮ್ಮ."

"ಅಮ್ಮ ಪ್ರತಿ ಭಾನುವಾರ ಆ ಸ್ಟೂಲು ಹಾಕ್ಕೊಂಡು ಕೂರ್ತಿದ್ಲು. ಅಪ್ಪನ ಹೆಜ್ಜೆ ಒಂಚೂರು ಬದಲಾದ್ರೆ ಲೈಟನ್ನ ಆ ಕಡೆ ಸರಿಸೋಳು, ಈ ಕಡೆ ಸರಿಸೋಳು. ಇನ್ನು ಯಾರು ಕೂರ್ತಾರೆ? ಅಪ್ಪನಿಗೆ ಬಲಮಂಡೀನೂ ನೋಯ್ತಿದೆ ಅಂತ ಆ ಡಬ್ಬಿಗೆ ತಾನಾಗಿ ಗೊತ್ತಾಗುತ್ತಾ?"

"ಇಲ್ಲ."

"ಮತ್ತೆ?"

ಫಿಟ್ಟರ್ ಒಲೆಯ ಮೇಲೆ ಉಕ್ಕಿದ್ದನ್ನು ಒರೆಸಿದ. ಕಿತ್ತರೆ ಭಾವ ಬೀಳುತ್ತಾರೆ. ಬಿಟ್ಟರೆ, ನೋಡುವವರಿಲ್ಲದೆ ಆರು ತಿಂಗಳಲ್ಲಿ ಬೀಳುತ್ತಾರೆ. ಭಾವನಿಗೆ ಎಲ್ಲ ಬಿಡಿಸಿ ಹೇಳೋಣವೆಂದರೆ ಅಕ್ಕ ಅವನ ಬಾಯಿಗೆ ಬೀಗ ಹಾಕಿ ಹೋಗಿದ್ದಳು.

*

ಮೂರು ವರ್ಷದ ಹಿಂದೆ, ಲಕ್ವ ಹೊಡೆದು ಎಡಭಾಗ ಸೋತು ದವಾಖಾನೆಯಿಂದ ಮನೆಗೆ ಬಂದ ದಿನ ಭಾವ ಊರುಗೋಲನ್ನು ಅಂಗಳಕ್ಕೆ ಎಸೆದಿದ್ದರು. ತಾವೇ ಕಟ್ಟಿದ ಮನೆಯಲ್ಲಿ ತಾವು ಕೋಲು ಹಿಡಿದು ನಡೆಯುವುದೇ? ಮಗಳು ತೋಳು ಹಿಡಿಯಲು ಬಂದರೆ ಕೊಸರಿಕೊಂಡರು, ಕೊಸರಿಕೊಂಡ ರಭಸಕ್ಕೆ ಬಿದ್ದರು, ಬಿದ್ದವರು ಎತ್ತಲು ಬಂದವರನ್ನು ಬೈದರು.

ಅಕ್ಕ ಬೈಯಲಿಲ್ಲ, ಅಳಲೂ ಇಲ್ಲ. ಮಾರನೇ ದಿನ ಸ್ಟೂಲು ತಂದು ಹಜಾರದ ಮೂಲೆಯಲ್ಲಿ ಹಾಕಿದಳು.

"ಇದೇನೇ ಮನೆಯೊಳಗೇ ಶುರು ಮಾಡಿದೆ?" ಅಂದಿದ್ದರು ಭಾವ.

"ಒಂದು ದವಾಖಾನೆ ಕೆಲಸ ಬಂದಿದೆ. ಮನೇಲಿ ಜನ ಹೇಗೆ ನಡೀತಾರೆ ಅಂತ ನೋಡಬೇಕು. ನೀವು ನಿಮ್ಮ ಪಾಡಿಗೆ ಓಡಾಡಿ."

ಹನ್ನೊಂದು ದಿನ ಕೂತಳು. ಮಂಚದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಚ್ಚಲಿಗೆ, ಬಾಗಿಲಿಗೆ. ಗಂಡನ ಕೈ ಗೋಡೆಯನ್ನು ಎಲ್ಲಿ ಹುಡುಕುತ್ತದೆ, ಎಡಗಾಲು ಯಾವ ತಿರುವಿನಲ್ಲಿ ಹೊರಗೆ ಜಾರುತ್ತದೆ, ಎಲ್ಲಿ ನಿಂತು ಉಸಿರು ಬಿಡುತ್ತಾರೆ. ನೆಲವೆಲ್ಲ ಸುನ್ನೆಯಾಯಿತು. ಆಮೇಲೆ ಭಾವ ಕಾಲಿನ ವ್ಯಾಯಾಮಕ್ಕೆಂದು ಹೋಗುವ ಬೆಳಿಗ್ಗೆಗಳಲ್ಲಿ ಅಕ್ಕ, ಫಿಟ್ಟರ್ ಇಬ್ಬರೂ ಕಳ್ಳರ ಹಾಗೆ ಕೆಲಸ ಮಾಡಿದರು.

ಅವನು ಮಾಡಿದ್ದನ್ನು ಅವಳು ಮೂರು ಸಲ ಬಿಚ್ಚಿಸಿದಳು. ಮೊದಲ ಸಲ ಭಾವ ಹೆಜ್ಜೆ ಇಟ್ಟ ತಕ್ಷಣ ಲೈಟು ಪಕ್ಕನೆ ಹತ್ತುವಂತಿತ್ತು.

"ಇದು ಬೇಡ. ಲೈಟು ಹತ್ತಿದ್ದು ಅವರಿಗೆ ಗೊತ್ತಾಗಬಾರದು. ಅವರು ಬರೋದಕ್ಕೆ ಮುಂಚೇನೇ ಅಲ್ಲಿತ್ತು ಅನ್ನಿಸಬೇಕು. ಮಂಚ ಕಿರ್ ಅಂದಾಗಲೇ ಅಡುಗೆಮನೆ ಬಾಗಿಲು ತಯಾರಾಗಿರಬೇಕು."

"ಅಷ್ಟೆಲ್ಲಾ ಮಾಡಿ ಹೇಳದೇ ಇರೋದಾ? ನಾನಾಗಿದ್ರೆ ಡಂಗುರ ಹೊಡಿಸ್ತಿದ್ದೆ."

"ಹೇಳಿದ್ರೆ ಅದು ಕೋಲು ಆಗಿಬಿಡುತ್ತೆ. ಕೋಲನ್ನ ಅವರು ಎಸೀತಾರೆ. ನೀನು ಅವರಿಗೆ ಹೇಳಕೂಡದು, ಕಣೋ. ನಾನು ಸತ್ತರೂ."

ಮನೆಯ ನಕ್ಷೆಯಲ್ಲಿ ಹದಿನಾರು ಸುನ್ನೆಗಳಿದ್ದವು. ಹದಿನೈದಕ್ಕೆ ಪಕ್ಕದಲ್ಲಿ ಕಾರಣ ಬರೆದಿದ್ದಳು: ಹೊಸ್ತಿಲು, ತಿರುವು, ಒದ್ದೆ ನೆಲ. ಅಡುಗೆಮನೆಯ ಹಾದಿಯ ಕಿಟಕಿಯ ಹತ್ತಿರದ ಒಂದಕ್ಕೆ ಮಾತ್ರ, "ಇಲ್ಲಿ ನಿಲ್ಲುತ್ತಾರೆ. ಯಾಕೋ ತಿಳಿಯದು," ಎಂದಿತ್ತು. ಅಲ್ಲಿ ನೆಲ ಸಮ, ತಿರುವಿಲ್ಲ, ಎಡವಲು ಏನೂ ಇಲ್ಲ. ಆದರೂ ದಿನಕ್ಕೆ ನಾಲ್ಕೈದು ಸಲ ಭಾವ ಅಲ್ಲಿ ನಿಲ್ಲುತ್ತಿದ್ದರು. ಕಾರಣ ತಿಳಿಯದಿದ್ದರೂ ನಿಂತಲ್ಲಿ ಬೆಳಕಿರಲಿ ಎಂದು ಅಕ್ಕ ಅಲ್ಲೊಂದು ಸಣ್ಣ ಹಳದಿ ದೀಪ ಹಾಕಿಸಿದಳು. ಮೂರು ಎಣಿಸುವಷ್ಟು ಹೊತ್ತು ನಿಂತರೆ ಅದು ಮೆಲ್ಲಗೆ ಹತ್ತುತ್ತಿತ್ತು.

*

ಹನ್ನೊಂದು ಗಂಟೆಗೆ ಅಕ್ಕನನ್ನು ಎತ್ತಿದರು. ಊರಾಚೆಯ ಸ್ಮಶಾನದ ದಿಬ್ಬಕ್ಕೆ ಹೆಚ್ಚು ದೂರವಿರಲಿಲ್ಲ. ಭಾವ ಗಾಡಿ ಬೇಡವೆಂದರು. ನಡೆದೇ ಬರುತ್ತೇನೆ ಅಂದರು.

ಹೊಸ್ತಿಲ ತನಕ ಅವರು ನೆಟ್ಟಗೆ ಬಂದರು. ಕಣ್ಣುಗಳಿಗೆಲ್ಲ ಟೇಪು ಬಿದ್ದಿತ್ತಾದರೂ ಹಾಡಹಗಲು, ಪಳಗಿದ ದಾರಿ. ಬೀದಿಗಿಳಿದು ಹತ್ತು ಹೆಜ್ಜೆ ಇಡುವಷ್ಟರಲ್ಲಿ ಎಡಗಾಲು ಕಲ್ಲಿಗೆ ತಾಗಿತು. ಇನ್ನು ನಾಲ್ಕು ಹೆಜ್ಜೆಗೆ ಚರಂಡಿಯ ಅಂಚಿಗೆ ವಾಲಿದರು. ಹಿಂದೆ ಬರುತ್ತಿದ್ದವರೆಲ್ಲ ಉಸಿರು ಬಿಗಿಹಿಡಿದರು. ಈ ಮನುಷ್ಯ ಚೆನ್ನಾಗಿ ನಡೆಯುತ್ತಾನೆ ಎಂದೇ ಎಲ್ಲರೂ ತಿಳಿದಿದ್ದರು. ಇಷ್ಟು ದಿನ ಅವರು ನೋಡಿದ್ದು ಮನೆಯೊಳಗಿನ ನಡಿಗೆಯನ್ನು.

ಫಿಟ್ಟರ್ ಹೋಗಿ ಮೊಣಕೈ ಹಿಡಿದ. ಕೊಸರಿಕೊಳ್ಳುತ್ತಾರೆಂದು ಮೈ ಬಿಗಿ ಮಾಡಿಕೊಂಡ. ಭಾವ ಕೊಸರಿಕೊಳ್ಳಲಿಲ್ಲ. ತಮ್ಮ ಭಾರವನ್ನು ಅವನ ಮೇಲೆ ಬಿಟ್ಟರು.

ಮುಂದೆ ಅಕ್ಕನಿದ್ದ ಬೆಂಚು ಹೆಗಲಿನಿಂದ ಹೆಗಲಿಗೆ ಬದಲಾಗುತ್ತಿತ್ತು.

"ಹದಿನೇಳು," ಅಂದರು ಭಾವ.

"ಏನು ಭಾವ?"

"ನನ್ನ ಚೌಕಟ್ಟುಗಳಿಗೆ ನೀನು ಹೊಡೆದ ಸ್ಕ್ರೂ. ಅದರಲ್ಲಿ ಎರಡು ಸೊಟ್ಟ."

ಫಿಟ್ಟರ್ ತಿರುಗಿ ಅವರ ಮುಖ ನೋಡಿದ.

"ಬಡಗಿ ಕಣೋ ನಾನು. ಆ ಮನೆಯ ಒಂದೊಂದು ಹಲಗೆ ನಾನು ಕೈಯಾಡಿಸಿ ಕೂರಿಸಿದ್ದು. ತೂತು ಕೊರೆದು ಮೇಣ ಮೆತ್ತಿ ಬಣ್ಣ ಹಚ್ಚಿಬಿಟ್ರೆ ನನಗೆ ಗೊತ್ತಾಗಲ್ಲ ಅಂದ್ಕೊಂಡ್ರಾ, ಅಕ್ಕ ತಮ್ಮ ಸೇರ್ಕೊಂಡು?"

"ಅಂದ್ರೆ ಮೊದಲಿಂದಾನೂ..."

"ಮೊದಲನೇ ದಿನದಿಂದ."

"ಮತ್ತೆ ಯಾಕೆ ಸುಮ್ಮನಿದ್ರಿ? ಕೋಲು ಎಸೆದೋರು ಇದನ್ನೂ ಎಸೀಬಹುದಿತ್ತಲ್ಲ."

ಭಾವ ನಿಂತರು. ಉಸಿರಿಗಾಗಿ ನಿಂತರೋ ಮಾತಿಗಾಗಿಯೋ ತಿಳಿಯಲಿಲ್ಲ.

"ನಾನು ಲೋಟ ಹಿಡ್ಕೊಂಡು ಅಡುಗೆಮನೆಯಿಂದ ಎಡವದೆ ಬಂದಾಗ ಅವಳ ಮುಖ ನೋಡಬೇಕಿತ್ತು ನೀನು. ಕದ್ದು ಬೆಲ್ಲ ತಿಂದ ಮಗು ಥರ. ಅದನ್ನ ಹೇಗೋ ಕಿತ್ಕೊಳ್ಳಲಿ ನಾನು?"

ಮತ್ತೆ ನಡೆದರು. ದಿಬ್ಬದ ಬುಡದಲ್ಲಿ ಫಿಟ್ಟರನಿಗೆ ತಡೆಯಲಾಗಲಿಲ್ಲ. ಕೇಳುವ ಹೊತ್ತೇ ಇದಲ್ಲವೆಂದು ಗೊತ್ತಿದ್ದೂ ಕೇಳಿದ.

"ಭಾವ, ಆ ಕಿಟಕಿ ಹತ್ತಿರ ಯಾಕೆ ನಿಲ್ತಿದ್ರಿ? ಅದೊಂದು ಅಕ್ಕನಿಗೆ ಕೊನೇವರೆಗೂ ಬಗೆಹರೀಲಿಲ್ಲ. ಎಷ್ಟು ಸಲ ನಕ್ಷೆ ಬಿಡಿಸಿದ್ದಾಳೆ ಗೊತ್ತಾ?"

"ಬಗೆಹರೀಲಿಲ್ವಾ?" ಭಾವ ಅವನನ್ನು ನಂಬಲಾರದವರ ಹಾಗೆ ನೋಡಿದರು. ಅವರ ತುಟಿಯ ಒಂದು ಪಕ್ಕ, ಆಡುವ ಪಕ್ಕ, ನಗುವಿಗೆ ಮೇಲೆದ್ದಿತು. "ಅಲ್ಲಿ ನಿಂತರೆ ಹಜಾರದ ಮೂಲೆ ಕಾಣುತ್ತಲ್ಲೋ. ಅವಳು ಸ್ಟೂಲು ಹಾಕ್ಕೊಂಡು ಕೂತಿರ್ತಿದ್ದದ್ದು ಅಲ್ಲೇ ತಾನೇ? ಅವಳು ನನ್ನ ಕಾಲು ನೋಡ್ತಾ ಇರೋಳು. ನಾನು ಅವಳನ್ನ ನೋಡ್ತಾ ಇದ್ದೆ."

ಹದಿನಾಲ್ಕು ವರ್ಷ ಅವಳ ಜೊತೆ ನಕ್ಷೆ ಹಿಡಿದವನಿಗೂ ಅದು ಹೊಳೆದಿರಲಿಲ್ಲ. ಎಲ್ಲರ ಹೆಜ್ಜೆಗೂ ಗೆರೆ ಎಳೆದವಳು ತಾನು ಕೂತ ಜಾಗಕ್ಕೆ ನಕ್ಷೆಯಲ್ಲಿ ಒಂದು ಚುಕ್ಕೆಯನ್ನೂ ಇಟ್ಟುಕೊಂಡಿರಲಿಲ್ಲ.

*

ಮಣ್ಣು ಮುಗಿಸಿ ಬಂದಾಗ ಮಧ್ಯಾಹ್ನ ಇಳಿದಿತ್ತು. ಮೋಡ ಕವಿದು ಮನೆಯೊಳಗೆ ಮಬ್ಬು ತುಂಬಿತ್ತು. ಬಂದವರು ಒಬ್ಬೊಬ್ಬರಾಗಿ ಹೊರಟರು. ಕಾರ್ಯದರ್ಶಿ ಹೋಗುವ ಮುನ್ನ, ಡಿಪೋದ ಮೆಟ್ಟಿಲ ಲೈಟು ಇವತ್ತಿನವರೆಗೆ ಒಮ್ಮೆಯೂ ಕೆಟ್ಟಿಲ್ಲವೆಂದು ಎರಡು ಸಲ ಹೇಳಿದರು. ದವಾಖಾನೆಯಿಂದ ಯಾರೋ ಸ್ಟೂಲನ್ನು ತಂದು ಜಗಲಿಯಲ್ಲಿಟ್ಟು ಹೋಗಿದ್ದರು. ಮಗಳು ಅದನ್ನು ಒಳಗೆ ತಂದು ಎಲ್ಲಿಡುವುದೆಂದು ತಿಳಿಯದೆ ಗೋಡೆಗೆ ಒತ್ತರಿಸಿದಳು. ಅದರ ಜೊತೆ ಬಂದ ಅಮ್ಮನ ಕೈಚೀಲವನ್ನು ಬಾಗಿಲ ಹಿಂದಿನ ಗೂಟಕ್ಕೆ ಹಾಕಿದಳು.

ಭಾವ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದ್ದರು. ಫಿಟ್ಟರ್ ಮತ್ತೆ ಮೊಣಕಾಲೂರಿದ. ಬಾಗಿಲ ಪಕ್ಕದ್ದು, ಬೆಂಚಿದ್ದ ಜಾಗದ್ದು, ಅಡುಗೆಮನೆಯ ಹೊಸ್ತಿಲದ್ದು, ಒಂದೊಂದಾಗಿ ಟೇಪು ಸುಲಿದ. ಮಗಳು ನೋಡುತ್ತ ನಿಂತಿದ್ದಳು. ಕೀಳು ಅಂದಿದ್ದನ್ನು ಇವನು ಮತ್ತೆ ತೆರೆಯುತ್ತಿದ್ದಾನೆ ಎಂದು ಗೊತ್ತಿದ್ದೂ ತಡೆಯಲಿಲ್ಲ.

"ಭಾವನಿಗೆ ಎಲ್ಲಾ ಗೊತ್ತಿತ್ತಂತೆ," ಅಂದ ಫಿಟ್ಟರ್, ತಲೆ ಎತ್ತದೆ, ಮೆಲ್ಲಗೆ. "ಮೊದಲನೇ ದಿನದಿಂದ."

ಮಗಳು ಅಪ್ಪನ ಕಡೆ ನೋಡಿದಳು.

ಅಪ್ಪ ಎದ್ದಿದ್ದರು. ಕುರ್ಚಿಯ ಕೈ ಹಿಡಿದು, ಒಂದು ಕ್ಷಣ ನಿಂತು, ಅಡುಗೆಮನೆಯ ಕಡೆ ಹೊರಟರು. ಅವರ ಮುಂದೆ, ನೆಲದಂಚಿಗೆ, ಬೆಳಕು ಆಗಲೇ ಇತ್ತು. ಯಾವಾಗ ಬಂತೆಂದು ಯಾರೂ ಕಾಣಲಿಲ್ಲ. ತಿರುವಿನಲ್ಲಿ ಎಡಗಾಲು ಜಾರುವ ಕಡೆ ಇನ್ನೊಂಚೂರು ಹೆಚ್ಚಿತ್ತು. ಮನೆ ಅವರನ್ನು ಕೈ ಹಿಡಿಯದೆ ನಡೆಸಿಕೊಂಡು ಹೋಗುತ್ತಿತ್ತು. ಫಿಟ್ಟರ್ ಮೊಣಕಾಲ ಮೇಲೆಯೇ ಉಳಿದು ಕಿಟಕಿಯ ಕಡೆ ನೋಡಿದ.

ಭಾವ ಅಲ್ಲಿ ನಿಲ್ಲಲಿಲ್ಲ. ಹಜಾರದ ಮೂಲೆಯ ಕಡೆ ತಲೆ ತಿರುಗಿಸದೆ ದಾಟಿದರು. ಹಳದಿ ದೀಪ ಹತ್ತಲಿಲ್ಲ.

ನೀರು ಕುಡಿದು ಲೋಟ ಬೋರಲಿಟ್ಟ ಸದ್ದು ಕೇಳಿಸಿತು. ಮರಳಿ ಬಂದರು. ಕಿಟಕಿಯನ್ನು ಮತ್ತೆ ದಾಟಿದರು. ಕುರ್ಚಿಯ ಕಡೆ ಬರಬೇಕಾದವರು ಬಾಗಿಲ ಹಿಂದಕ್ಕೆ ತಿರುಗಿದರು. ಅಲ್ಲಿ ಲೈಟಿಲ್ಲ, ಅಲ್ಲಿಗೆ ಅವರು ಯಾವತ್ತೂ ಹೋದವರಲ್ಲ. ಮಬ್ಬಿನಲ್ಲಿ ಒಂದು ಹೆಜ್ಜೆ ತಪ್ಪಿತು. ಕೈ ಗೋಡೆಯನ್ನು ಹುಡುಕಿ ಹಿಡಿದುಕೊಂಡಿತು. ಮಗಳು ಮುಂದೆ ಧಾವಿಸಿದವಳು ಅರ್ಧಕ್ಕೆ ನಿಂತಳು.

ಅವರು ಗೂಟದ ಕೆಳಗೆ ನಿಂತಿದ್ದರು. ಕೈಚೀಲದ ಹಿಡಿಯನ್ನು ಬೆರಳಿನಿಂದ ಸವರಿದರು, ಬಿಟ್ಟರು. ಹೊರಡಲಿಲ್ಲ. ಮೂರು ಎಣಿಸುವಷ್ಟಾಯಿತು. ಹತ್ತು ಎಣಿಸುವಷ್ಟಾಯಿತು.

ಫಿಟ್ಟರನ ಕೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು. ಸೀಮೆಸುಣ್ಣದ ಮೋಟು ಬೆರಳಿಗೆ ಸಿಕ್ಕಿತು. ಅವನು ಏಳುವಷ್ಟರಲ್ಲಿ ಮಗಳು ಅವನ ಮುಂದೆ ಅಂಗೈ ಚಾಚಿದ್ದಳು.

"ಕೊಡು ಮಾಮ."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಅಪ್ಪನ ಕಾಲ ಬಳಿ ಕೂತಳು. ಹೊಲಿಗೆಯವಳ ಕೈ, ಬಟ್ಟೆಯ ಮೇಲೆ ಸುಣ್ಣದ ಗುರುತು ಹಾಕಿ ಅಭ್ಯಾಸವಿದ್ದದ್ದು, ನೆಲದ ಮೇಲೆ ಸುಣ್ಣ ಒತ್ತಿತು. ಬಲಗಾಲಿನ ಹೆಬ್ಬೆರಳಿನ ಮುಂದಿನಿಂದ ಶುರು ಮಾಡಿದಳು.

ಭಾವ ಕೆಳಗೆ ನೋಡಿದರು.

"ಎಡಗಾಲು ಹೊರಗೆ ಬೀಳುತ್ತೆ," ಅಂದರು. "ಆ ಕಡೆ ಒಂಚೂರು ಅಗಲಕ್ಕೆ ಬರಿ."

ಅವಳು ಅಗಲಕ್ಕೆ ಬರೆದಳು. ಮೋಟು ತೀರಾ ಚಿಕ್ಕದಾಗಿ ಉಗುರು ನೆಲಕ್ಕೆ ತರಚುತ್ತಿತ್ತು. ಗೆರೆ ಹಿಮ್ಮಡಿಯ ಹಿಂದೆ ಸುತ್ತಿಕೊಂಡು ಬಂದು ತಾನು ಹೊರಟ ಜಾಗವನ್ನು ಮುಟ್ಟುವ ತನಕ, ಅವಳಪ್ಪ ಗೋಡೆಯಿಂದ ಕೈ ತೆಗೆದು, ಎರಡೂ ಕಾಲು ಊರಿಕೊಂಡು, ಅಲ್ಲಾಡದೆ ನಿಂತಿದ್ದರು.